ಹಸಿರಂಚಿನ ನೀಲಿ ಸರೋವರಗಳು

ಲಡಾಖ್‌ಗೆ ಹೋದವರು ಸರೋವರದ ನೀಲಿಯನ್ನು ಕಣ್ತುಂಬ ನೋಡಿ ಬರುತ್ತಾರೆ. ಆದರೆ ಅಲ್ಲಿ ಹಕ್ಕಿ ಗೂಡು ಕಟ್ಟುವುದು, ಮೇಕೆ ಮೇಯುವುದು, ಹಿಂದೆ ದಂಡು ಹಾದುಹೋದದ್ದು, ಈಗ ಪ್ರವಾಸಿ ಡೇರೆ ಏಳುತ್ತಿರುವುದು ಎಲ್ಲವೂ ದಡದ ಕಿರಿದಾದ ಹುಲ್ಲುಪಟ್ಟಿಯಲ್ಲೇ. ಆ ಪಟ್ಟಿ ಹೋದರೆ ಉಳಿಯುವುದು ಬರೀ ನೀರು.

ಜೂನ್ ಮೊದಲ ವಾರದ ಬೆಳಗು, ಲಡಾಖ್‌ನ ತ್ಸೊ ಕರ್. ಸಮುದ್ರಮಟ್ಟದಿಂದ 4,500 ಮೀಟರ್‌ಗೂ ಮೇಲಿನ ನೆಲ. ರಾತ್ರಿಯ ಚಳಿಗೆ ನೀರಿನಂಚು ತೆಳ್ಳಗೆ ಹೆಪ್ಪುಗಟ್ಟಿದೆ. ಜೌಗಿನ ನಡುವೆ ಕೆಸರು, ಒಣಹುಲ್ಲು ಗುಡ್ಡೆಹಾಕಿ ಮಾಡಿಕೊಂಡ ಸಣ್ಣ ದಿಬ್ಬದ ಮೇಲೆ ಕಪ್ಪು ಕತ್ತಿನ ಕ್ರೌಂಚವೊಂದು ಕಾವು ಕೂತಿದೆ. ಬೂದು ಬೆರೆತ ಬಿಳಿ ಮೈ, ಕಡುಗಪ್ಪು ಕತ್ತು, ನೆತ್ತಿಯ ಮೇಲೆ ಕೆಂಪು ಚರ್ಮದ ಚುಕ್ಕೆ. ಹೊಟ್ಟೆಯಡಿ ಎರಡು ಮೊಟ್ಟೆ. ಜೋಡಿಹಕ್ಕಿ ಸ್ವಲ್ಪ ದೂರದಲ್ಲಿ ಕೊಕ್ಕಿನಿಂದ ಕೆಸರು ಕೆದಕುತ್ತಿದೆ. ಕೊಂಚ ಹೊತ್ತಿಗೆ ಸರದಿ ಬದಲಾಗುತ್ತದೆ. ಕೂತದ್ದು ಎದ್ದು, ಬಾಗಿ, ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ ಆಚೆ ನಡೆಯುತ್ತದೆ. ಮೇಯುತ್ತಿದ್ದದ್ದು ಬಂದು ಕೂರುತ್ತದೆ. ಅಷ್ಟರಲ್ಲಿ ಮಣ್ಣುದಾರಿ ಬಿಟ್ಟು ಜೀಪೊಂದು ಹುಲ್ಲಿಗೆ ಇಳಿಯುತ್ತದೆ, ಫೋಟೊ ಇನ್ನಷ್ಟು ಹತ್ತಿರದಿಂದ ಸಿಗಲೆಂದು. ಎರಡೂ ಹಕ್ಕಿಗಳು ಕತ್ತು ಚಾಚಿ ಎದ್ದು ನಿಲ್ಲುತ್ತವೆ. ಚಳಿಗಾಳಿಗೆ ಒಡ್ಡಿಕೊಂಡ ಮೊಟ್ಟೆಗಳು ತಣ್ಣಗಾಗತೊಡಗುತ್ತವೆ.

ಕಣಿವೆಮಾರ್ಗಗಳ ಹಿಮ ಕರಗಿ ದಾರಿ ತೆರೆಯಿತೆಂದರೆ ಲಡಾಖ್‌ನಲ್ಲಿ ಇಂಥ ಬೆಳಗುಗಳು ದಿನವೂ ನಡೆಯುತ್ತವೆ. ಬೆಂಗಳೂರಿನಿಂದ ಬೈಕಿನಲ್ಲೇ ಹೊರಡುವವರು, ಚಂಡೀಗಡದವರೆಗೆ ರೈಲಿನಲ್ಲಿ ಬೈಕು ಸಾಗಿಸಿ ಅಲ್ಲಿಂದ ಏರುವವರು, ಲೇಹ್‌ಗೆ ವಿಮಾನದಲ್ಲಿ ಇಳಿದು ಟ್ಯಾಕ್ಸಿ ಹಿಡಿಯುವವರು, ಎಲ್ಲರ ಪಟ್ಟಿಯಲ್ಲೂ ಪಾಂಗಾಂಗ್ ಇರುತ್ತದೆ. ಒಂದು ದಿನ ಉಳಿದರೆ ತ್ಸೊ ಮೊರೀರಿ, ದಾರಿಯಲ್ಲಿ ಸಿಕ್ಕರೆ ತ್ಸೊ ಕರ್. ಲಡಾಖ್ ಹೊರಗಿನವರಿಗೆ ತೆರೆದುಕೊಂಡ 1974ರಲ್ಲಿ ಬಂದ ಪ್ರವಾಸಿಗರು 527 ಮಂದಿ. ಗಡಿಗೆ ಹತ್ತಿರದ ಈ ಸರೋವರಗಳಿಗೆ ಹೋಗಲು ಅವಕಾಶ ಸಿಕ್ಕಿದ್ದು 1994ರಲ್ಲಿ. 2009ರಲ್ಲಿ ‘ತ್ರೀ ಈಡಿಯಟ್ಸ್’ ಚಿತ್ರದ ಕೊನೆಯ ದೃಶ್ಯ ಪಾಂಗಾಂಗ್ ದಡವನ್ನು ದೇಶದ ಮನೆಮನೆಗೆ ತಲುಪಿಸಿತು. 2022ರಲ್ಲಿ ಲಡಾಖ್‌ಗೆ ಬಂದವರ ಸಂಖ್ಯೆ ಐದು ಲಕ್ಷ ದಾಟಿತು. ಇದನ್ನೆಲ್ಲ ‘ಪ್ರವಾಸಿಗರು ಹೆಚ್ಚಾದರು’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ. ಅದರಿಂದ ವಿಷಯ ಸ್ಪಷ್ಟವಾಗುವುದಿಲ್ಲ. ಎಷ್ಟು ಜನ ಬಂದರು ಎಂಬುದಕ್ಕಿಂತ, ಬಂದವರು ಎಲ್ಲಿ ನಿಂತರು, ಯಾವ ತಿಂಗಳಲ್ಲಿ ನಿಂತರು ಎಂಬುದೇ ಈ ಸರೋವರಗಳ ಹಣೆಬರಹ ಬರೆಯುತ್ತದೆ. ಹಾಗೇಕೆ ಎಂಬುದಕ್ಕೆ ಉತ್ತರ ಅಲ್ಲಿನ ಹಕ್ಕಿಗಳಲ್ಲೂ ಇದೆ, ಚರಿತ್ರೆಯಲ್ಲೂ ಇದೆ. ಎರಡೂ ಒಂದೇ ಉತ್ತರ ಕೊಡುತ್ತವೆ.

ನೀರಿಗಿಂತ ದಡ ದೊಡ್ಡದು

ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಈ ಸರೋವರಗಳಿಗೆ ಇಂದು ಹೊರದಾರಿ ಇಲ್ಲ. ಹಿಮ ಕರಗಿದ ನೀರು ಒಳಗೆ ಬರುತ್ತದೆ. ಹೊರಗೆ ಹೋಗಬೇಕೆಂದರೆ ಆವಿಯಾಗಿಯೇ ಹೋಗಬೇಕು. ಉಪ್ಪು ಉಳಿದುಕೊಳ್ಳುತ್ತದೆ. ಹಿಂದೆ ಹೀಗಿರಲಿಲ್ಲ. ಪಾಂಗಾಂಗ್‌ನ ನೀರು ಒಂದು ಕಾಲಕ್ಕೆ ಪಶ್ಚಿಮಕ್ಕೆ ಹರಿದು ಶ್ಯೋಕ್ ನದಿ ಸೇರುತ್ತಿತ್ತು. ಈಗಿನ ನೀರಿನ ಮಟ್ಟಕ್ಕಿಂತ ಬಹಳ ಮೇಲೆ, ಬೆಟ್ಟದ ಮೈಯಲ್ಲಿ, ಹಳೆಯ ದಡದ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಅಲ್ಲಿನ ಜೇಡಿಯಲ್ಲಿ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳಿವೆ. 1863ರಲ್ಲಿ ಇಲ್ಲಿ ಸರ್ವೆ ನಡೆಸಿದ ಗಾಡ್ವಿನ್ ಆಸ್ಟಿನ್ ಆದಿಯಾಗಿ ಹತ್ತೊಂಬತ್ತನೇ ಶತಮಾನದ ಭೂವಿಜ್ಞಾನಿಗಳ ಕುತೂಹಲ ಕೆರಳಿಸಿದ್ದು ಈ ಗೆರೆಗಳೇ. ತ್ಸೊ ಮೊರೀರಿಯ ಹೊರದಾರಿಯನ್ನೂ ಪಕ್ಕದ ಕಣಿವೆಯಿಂದ ಕೊಚ್ಚಿಬಂದ ಕಲ್ಲುಮಣ್ಣಿನ ರಾಶಿ ಮುಚ್ಚಿತು. ತ್ಸೊ ಕರ್ ಇನ್ನೂ ಮುಂದೆ ಹೋಗಿದೆ. ಉತ್ತರದ ದೊಡ್ಡ ಸರೋವರ ಸಮುದ್ರಕ್ಕಿಂತ ಉಪ್ಪು. ದಡದ ತುಂಬ ಬಿಳಿ ಹೆಪ್ಪು. ಆದರೆ ಅದರ ದಕ್ಷಿಣಕ್ಕೆ, ಕೂಗಳತೆಯಲ್ಲೇ, ಸ್ಟಾರ್ಟ್ಸಾಪುಕ್ ಎಂಬ ಸಿಹಿನೀರಿನ ಸಣ್ಣ ಸರೋವರವಿದೆ. ಈ ಜೋಡಿಯಲ್ಲಿ ಹಕ್ಕಿಗಳ ಸಂತೆ ನೆರೆಯುವುದು ಯಾವುದರ ಬಳಿ ಎಂದು ಊಹಿಸುವುದು ಕಷ್ಟವಲ್ಲ.

ಉಪ್ಪಾದ, ಆಳವಾದ, ವರ್ಷದಲ್ಲಿ ಕೆಲವು ತಿಂಗಳು ಮಂಜುಗಡ್ಡೆಯಾಗಿ ಕೂರುವ ನೀರಿನಲ್ಲಿ ಆಹಾರ ಕಡಿಮೆ. ಆಹಾರ ಹುಟ್ಟುವುದು ತೊರೆ ಬಂದು ಸೇರುವಲ್ಲಿ, ಬುಗ್ಗೆ ಉಕ್ಕುವಲ್ಲಿ, ಸಿಹಿನೀರು ಮಣ್ಣನ್ನು ನೆನೆಸುವಲ್ಲಿ. ಸುತ್ತ ಎಲ್ಲೆಡೆ ಬೋಳು ಬೆಟ್ಟ, ಜಲ್ಲಿ, ಮರಳು. ಅದರ ನಡುವೆ ನೀರಿಗೆ ಹೊಂದಿಕೊಂಡು ಜೊಂಡುಹುಲ್ಲಿನ ಹಸಿರು ಪಟ್ಟಿ, ನೀಲಿ ಸೀರೆಗೆ ನೇಯ್ದ ಅಂಚಿನಂತೆ, ಅಷ್ಟೇ ಕಿರಿದಾಗಿ. ಹುಲ್ಲಿನ ಬೇರುಗಳು ಹೆಣೆದುಕೊಂಡು ದಪ್ಪನೆಯ ಜಮಖಾನ ಕಟ್ಟುತ್ತವೆ. ಮಳೆ ಎಂಬುದೇ ಅಪರೂಪವಾದ ನಾಡಿನಲ್ಲಿ ಹಿಮದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಿಡುವುದು ಈ ಜಮಖಾನ. ಇದರ ಮೇಲೆ ವಾಹನದ ಚಕ್ರ ಹರಿದರೆ ಬೇರಿನ ಹೆಣಿಗೆ ಹರಿಯುತ್ತದೆ; ಚಕ್ರದ ಜಾಡು ಕಾಲುವೆಯಾಗಿ ನೀರನ್ನು ಬಸಿದುಬಿಡುತ್ತದೆ; ಅಕ್ಕಪಕ್ಕದ ಹುಲ್ಲು ಒಣಗುತ್ತದೆ. ವರ್ಷಕ್ಕೆ ಮೂರು ನಾಲ್ಕು ತಿಂಗಳಷ್ಟೇ ಬೆಳೆಯುವ ಹುಲ್ಲು ಮತ್ತೆ ಹೆಣೆದುಕೊಳ್ಳಲು ಎಷ್ಟೋ ವರ್ಷ ಬೇಕು.

ಹಕ್ಕಿಗಳ ಲೆಕ್ಕವೂ ಈ ಅಂಚಿನದೇ. ಕ್ರೌಂಚ ಗೂಡು ಕಟ್ಟುವುದು ಜೌಗಿನಲ್ಲಿ, ಅಲ್ಲಿನ ಪುಟ್ಟ ನಡುಗಡ್ಡೆಗಳಲ್ಲಿ. ಪಟ್ಟೆತಲೆ ಹೆಬ್ಬಾತು ನಡುಗಡ್ಡೆಯ ನೆಲದ ಮೇಲೆ ಮೊಟ್ಟೆಯಿಟ್ಟು, ಮರಿಗಳನ್ನು ಮೇಯಿಸಲು ದಡದ ಹುಲ್ಲಿಗೆ ನಡೆಸಿ ತರುತ್ತದೆ. ನಮ್ಮ ಹಳೆಯ ಕವಿಗಳು ವಿರಹದ ಹಕ್ಕಿಯಾಗಿ ಹಾಡಿದ ಚಕ್ರವಾಕದ ಸಂಸಾರ ನಡೆಯುವುದು ಇಂಥ ನೀರಂಚಿನಲ್ಲಿ. ಬಯಲುಸೀಮೆಯ ಕೆರೆಗಳಲ್ಲಿ ನಾವು ಕಾಣುವುದು ಅದರ ಚಳಿಗಾಲದ ಬಿಡಾರವನ್ನು. ಜುಟ್ಟಿನ ಗುಳುಮುಳುಕ ತೇಲುಗೂಡು ಕಟ್ಟುವುದು ಸಿಹಿನೀರಿನ ನೀರುಗಿಡಗಳಿಗೆ ಆನಿಸಿ. ಚಳಿಗಾಲದಲ್ಲಿ ಕರಾವಳಿಯ ಮೀನುಬಂದರುಗಳ ಮೇಲೆ ಗಿರಕಿ ಹೊಡೆಯುವ ಕಂದುತಲೆಯ ಕಡಲಹಕ್ಕಿ ಕಡಲಿನಿಂದ ಇಷ್ಟು ದೂರ, ಇಷ್ಟು ಎತ್ತರಕ್ಕೆ ಬಂದು ಮರಿಮಾಡುತ್ತದೆ. ಭಾರತದಲ್ಲಿ ಕಪ್ಪು ಕತ್ತಿನ ಕ್ರೌಂಚ ಸಂತಾನ ಬೆಳೆಸುವ ಜಾಗ ಲಡಾಖ್‌ನ ಚಾಂಗ್‌ಥಾಂಗ್ ಒಂದೇ. ಅದು ಕೂಡ ಬೆರಳೆಣಿಕೆಯ ಜೌಗುಗಳಲ್ಲಿ. ಜಗತ್ತಿನ ಕ್ರೌಂಚ ಜಾತಿಗಳಲ್ಲಿ ವಿಜ್ಞಾನಕ್ಕೆ ಕಟ್ಟಕಡೆಗೆ ಪರಿಚಯವಾದದ್ದು ಈ ಹಕ್ಕಿ. ರಷ್ಯದ ನಿಕೊಲಾಯ್ ಪ್ರಜೆವಾಲ್‌ಸ್ಕಿ 1876ರಲ್ಲಿ ಇದನ್ನು ವರ್ಣಿಸಿದ್ದು ಕೂಡ ಒಂದು ಪರ್ವತ ಸರೋವರದ ದಡದಲ್ಲಿ ಕಂಡ ಹಕ್ಕಿಯಿಂದ. ಇಂದಿನ ಚೀನಾದ ಚಿಂಗ್‌ಹಾಯ್ ಅಥವಾ ಕೊಕೊನೋರ್ ಅದು.

ಹೆಬ್ಬಾತಿನ ದಾರಿ: ಮಂಗೋಲಿಯಾದಿಂದ ಮಾಗಡಿಗೆ

ಪಟ್ಟೆತಲೆ ಹೆಬ್ಬಾತುಗಳು ಮರಿಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಲ್ಲಿ. ಚಳಿಗಾಲ ಕಳೆಯಲು ಬರುವುದು ಭಾರತದ ಬಯಲಿಗೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಾಣಿಸಿಕೊಂಡಿವೆ. ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಮಾಗಡಿ ಕೆರೆ ಈ ಹಕ್ಕಿಯಿಂದಲೇ ಹೆಸರುವಾಸಿ. ಹಗಲು ಕೆರೆಯಲ್ಲಿ ವಿಶ್ರಾಂತಿ, ಇಳಿಹೊತ್ತಿನಿಂದ ಸುತ್ತಲ ಹೊಲಗಳಲ್ಲಿ ಮೇವು. ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆ 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು.

ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ಈ ಹಕ್ಕಿ 7,290 ಮೀಟರ್‌ವರೆಗೆ ಏರಿದ್ದು ದಾಖಲಾಯಿತು. ಆದರೂ ಹೆಚ್ಚಿನ ಹಾರಾಟ ಅದಕ್ಕಿಂತ ಬಹಳ ಕೆಳಗೇ ನಡೆಯುತ್ತದೆ: ನೆಲದ ಏರಿಳಿತವನ್ನೇ ಅನುಸರಿಸಿ, ಕಣಿವೆ ಬಂದಾಗ ಇಳಿದು, ಬೆಟ್ಟ ಬಂದಾಗ ಏರಿ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ಹಿಮೋಗ್ಲೋಬಿನ್ ಅದರ ಬಲ.

ದಂಡು ನಡೆದದ್ದೂ ಹುಲ್ಲಿನ ಜಾಡಿನಲ್ಲಿ

ಲಡಾಖ್‌ನ ಚರಿತ್ರೆಯನ್ನು ರಾಜರ, ಒಪ್ಪಂದಗಳ ಚರಿತ್ರೆಯಾಗಿ ಓದುತ್ತೇವೆ. ಕೈಯಲ್ಲಿ ನಕ್ಷೆ ಹಿಡಿದು ಓದಿದರೆ ಅದು ಮೇವಿನ ಚರಿತ್ರೆಯೂ ಹೌದು. ಚಾಂಗ್‌ಪಾ ಅಲೆಮಾರಿಗಳ ಮೇಕೆಗಳಿಗೆ ಇಲ್ಲಿನ ಚಳಿಯಿಂದಲೇ ಮೈಗೂದಲಿನ ಬುಡದಲ್ಲಿ ನವಿರಾದ ಒಳತುಪ್ಪಳ ಬೆಳೆಯುತ್ತದೆ. ಕಾಶ್ಮೀರದ ಶಾಲಿಗೆ ಬೇಕಾದ ಪಶ್ಮೀನಾ ಅದು. 1684ರ ತಿಂಗ್ಮೊಸ್‌ಗಾಂಗ್ ಒಪ್ಪಂದ ಲಡಾಖ್, ಟಿಬೆಟ್ ಮತ್ತು ಮೊಘಲರು ಸಿಕ್ಕಿಕೊಂಡಿದ್ದ ಯುದ್ಧವನ್ನು ಮುಗಿಸಿತು. ಅದರಲ್ಲಿ ಗಡಿಯ ಮಾತಿನಷ್ಟೇ ಮುಖ್ಯವಾಗಿದ್ದದ್ದು ಈ ಉಣ್ಣೆ ಯಾರ ಕೈ ಸೇರಬೇಕು ಎಂಬ ಕಟ್ಟಳೆ: ಪಶ್ಚಿಮ ಟಿಬೆಟ್‌ನ ಪಶ್ಮೀನಾ ಲಡಾಖ್ ಮೂಲಕವೇ ಕಾಶ್ಮೀರಕ್ಕೆ ಹೋಗಬೇಕು. ಹುಲ್ಲು ಮೇಕೆಯಾಯಿತು, ಮೇಕೆ ಉಣ್ಣೆಯಾಯಿತು, ಉಣ್ಣೆ ರಾಜಕಾರಣವಾಯಿತು. ತ್ಸೊ ಕರ್ ದಡದ ಬಿಳಿ ಹೆಪ್ಪೂ ವ್ಯರ್ಥವಾಗಲಿಲ್ಲ. ಅಲೆಮಾರಿಗಳು ಆ ಉಪ್ಪನ್ನು ಕೆರೆದು, ಕುರಿಮೇಕೆಗಳ ಬೆನ್ನಿಗೆ ಚೀಲ ಹೇರಿ, ಝನ್ಸ್ಕಾರ್‌ನಂಥ ಬೇಸಾಯದ ಕಣಿವೆಗಳಿಗೆ ಒಯ್ದು ಬಾರ್ಲಿ ತರುತ್ತಿದ್ದರು.

1834ರಿಂದ ಲಡಾಖ್ ಗೆಲ್ಲುತ್ತ ಬಂದ ಜಮ್ಮುವಿನ ಡೋಗ್ರಾ ಸೇನಾಪತಿ ಜೋರಾವರ್ ಸಿಂಗ್‌ನನ್ನು 1841ರಲ್ಲಿ ಪಶ್ಚಿಮ ಟಿಬೆಟ್‌ಗೆ ಎಳೆದ ಆಸೆಗಳಲ್ಲಿ ಇದೇ ಪಶ್ಮೀನಾ ವ್ಯಾಪಾರ ಕೂಡ ಒಂದು. ಅವನ ದಂಡು ಕವಲಾಗಿ ಹೋಯಿತು. ಒಂದು ಕವಲು ಹಿಡಿದದ್ದು ರುಪ್ಶು, ಹಾನ್ಲೆಗಳ ದಾರಿ. ಸರಕು ಹೊರುವ ಪ್ರಾಣಿಗಳಿಗೆ ನೀರು, ಹುಲ್ಲು ಇರುವ ದಾರಿ ಅದು. ಬೇಸಿಗೆಯಲ್ಲಿ ಮಾನಸ ಸರೋವರದ ಆಚೆವರೆಗೆ ನುಗ್ಗಿದ ಸೈನ್ಯ ಚಳಿಗಾಲ ಬಂದಾಗ ಸಿಕ್ಕಿಬಿತ್ತು. ಕಣಿವೆಮಾರ್ಗಗಳು ಮುಚ್ಚಿದವು, ಸೌದೆಯಿಲ್ಲ, ಮೇವಿಲ್ಲ, ಕೈಕಾಲು ಮರಗಟ್ಟಿದವು. ಆ ಡಿಸೆಂಬರ್‌ನಲ್ಲಿ ಜೋರಾವರ್ ಅಲ್ಲೇ ಬಿದ್ದ. ಮರುವರ್ಷ ಟಿಬೆಟ್ ಸೇನೆ ಲಡಾಖ್‌ಗೆ ಬಂದಾಗ ಪಾಂಗಾಂಗ್ ಸಮೀಪದ ಕಣಿವೆಯೊಂದರಲ್ಲಿ ತೊರೆಯ ಬದಿಯ ತಗ್ಗುನೆಲದಲ್ಲಿ ಬೀಡುಬಿಟ್ಟಿತು. ಡೋಗ್ರಾಗಳು ತೊರೆಗೆ ಅಡ್ಡಗಟ್ಟೆ ಹಾಕಿ ಆ ಬೀಡಿಗೆ ನೀರು ನುಗ್ಗಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. 1842ರ ಚುಶೂಲ್ ಒಪ್ಪಂದದೊಂದಿಗೆ ಆ ಯುದ್ಧ ಮುಗಿಯಿತು.

ಚುಶೂಲ್ ಎಂಬ ಹೆಸರು ಮತ್ತೆ ಕೇಳಿದ್ದು 1962ರ ಭಾರತ–ಚೀನಾ ಯುದ್ಧದಲ್ಲಿ. ಅಕ್ಟೋಬರ್‌ನಲ್ಲಿ ಪಾಂಗಾಂಗ್‌ನ ಉತ್ತರ ದಡದ ಸಿರಿಜಾಪ್ ಠಾಣೆಯಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಅವರ ಗೂರ್ಖಾ ತುಕಡಿ, ನವೆಂಬರ್ 18ರಂದು ಚುಶೂಲ್ ಕಾಯುವ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ 13 ಕುಮಾವ್ ರೆಜಿಮೆಂಟಿನ ಕಂಪನಿ ಕಾದಾಡಿದ ಪರಿಗೆ ಇಬ್ಬರಿಗೂ ಪರಮವೀರ ಚಕ್ರ ಸಂದಿತು. ಶೈತಾನ್ ಸಿಂಗ್ ಅವರಿಗೆ ಮರಣೋತ್ತರವಾಗಿ. ಆ ಕಂಪನಿಯಲ್ಲಿ ಬದುಕುಳಿದವರು ಕೆಲವರೇ. ಆದರೆ ಈ ಯುದ್ಧದ ಇನ್ನೊಂದು ಪರಿಣಾಮ ಸ್ಮಾರಕಗಳಲ್ಲಿ ಕಾಣುವುದಿಲ್ಲ. ಗಡಿ ಮುಚ್ಚಿತು, ಚಾಂಗ್‌ಪಾಗಳು ಚಳಿಗಾಲಕ್ಕೆ ಹೋಗುತ್ತಿದ್ದ ಆಚೆಯ ಹುಲ್ಲುಗಾವಲು ಕೈತಪ್ಪಿತು. 1959ರ ನಂತರ ಟಿಬೆಟ್‌ನಿಂದ ನಿರಾಶ್ರಿತರು ತಮ್ಮ ಹಿಂಡುಗಳೊಂದಿಗೆ ಈಚೆ ಬಂದಿದ್ದರು. ಹುಲ್ಲು ಕಡಿಮೆಯಾಯಿತು, ಬಾಯಿಗಳು ಹೆಚ್ಚಾದವು. 2020ರಲ್ಲಿ ಪಾಂಗಾಂಗ್‌ನ ಉತ್ತರ ದಡದಲ್ಲಿ ಎರಡೂ ಸೇನೆಗಳು ಎದುರುಬದುರಾಗಿ ನಿಂತಾಗ ಅದೇ ಕಥೆ ಮುಂದುವರಿಯಿತು. ಅಲ್ಲಿನ ಅಲೆಮಾರಿ ಸಂಸಾರಗಳಿಗೆ ಸರೋವರವೆಂದರೆ ಹಿಂಡು ನಿಲ್ಲಿಸಲು ಸಿಗುವ ಅಥವಾ ಸಿಗದ ನೆಲ.

ಹೀಗೆ ನೋಡಿದರೆ ಹಕ್ಕಿ, ಮೇಕೆ, ಸೈನಿಕ ಮೂವರೂ ನಿಂತದ್ದು ಒಂದೇ ಜಾಗದಲ್ಲಿ. ನಾಲ್ಕನೆಯವನಾಗಿ ಬಂದವನು ಪ್ರವಾಸಿ. ಡೇರೆ ಹಾಕಲು ಸಮನಾದ ನೆಲ ಬೇಕು, ಕುಡಿಯಲು ತೊರೆಯ ನೀರು ಬೇಕು, ಕಿಟಕಿ ತೆರೆದರೆ ಸರೋವರ ಕಾಣಬೇಕು. ಈ ಮೂರೂ ಒಟ್ಟಿಗೆ ಸಿಗುವ ಜಾಗ ಹುಲ್ಲುಪಟ್ಟಿಯೇ. ಪಾಂಗಾಂಗ್‌ನ ಸ್ಪಾಂಗ್ಮಿಕ್‌ನಲ್ಲಿ ಡೇರೆಗಳ ಸಾಲು ಬೆಳೆದದ್ದು ಹೀಗೆ. 2022ರಲ್ಲಿ ಪಾಂಗಾಂಗ್‌ನ ನೀರಿನೊಳಗೇ ಕಾರು ಓಡಿಸಿದ ವಿಡಿಯೊ ಹರಿದಾಡಿ ದೇಶವೆಲ್ಲ ಸಿಟ್ಟಾಯಿತು. ಆ ಸಿಟ್ಟು ಸರಿಯೇ. ಆದರೆ ದಿನವೂ ಸದ್ದಿಲ್ಲದೆ ದಡದ ಹುಲ್ಲಿನ ಮೇಲೆ ಹರಿಯುವ ಚಕ್ರಗಳು ಮಾಡುವ ಹಾನಿಗೆ ಹೋಲಿಸಿದರೆ ನೀರಿಗಿಳಿದ ಆ ಕಾರಿನದು ಸಣ್ಣ ತಪ್ಪು.

ಮೂರು ಸರೋವರ, ಮೂರು ಗುಣ

ಪಾಂಗಾಂಗ್: ಸುಮಾರು 134 ಕಿ.ಮೀ. ಉದ್ದ, ಸುಮಾರು 4,250 ಮೀ. ಎತ್ತರ. ಮೂರನೇ ಒಂದು ಭಾಗದಷ್ಟು ಭಾರತದ ಕಡೆ. ಉಳಿದದ್ದು ಚೀನಾದ ಹಿಡಿತದಲ್ಲಿ. ಉಪ್ಪುನೀರು.

ತ್ಸೊ ಮೊರೀರಿ: ಉತ್ತರ–ದಕ್ಷಿಣವಾಗಿ 25 ಕಿ.ಮೀ.ಗೂ ಉದ್ದ, ಅರೆ ಉಪ್ಪು. 2002ರಿಂದ ರಾಮ್ಸರ್ ತಾಣ. ಪಶ್ಚಿಮ ದಡದಲ್ಲಿ ಕೊರ್ಜೋಕ್ ಊರು, ಗೊಂಪಾ (ಬೌದ್ಧ ಮಠ). ಇಲ್ಲಿನ ಬಾರ್ಲಿ ಹೊಲಗಳು ಜಗತ್ತಿನ ಅತಿ ಎತ್ತರದ ಹೊಲಗಳ ಸಾಲಿನವು.

ತ್ಸೊ ಕರ್: ಒಂದು ಸಿಹಿ, ಒಂದು ಕಡು ಉಪ್ಪು, ಎರಡು ಸರೋವರಗಳ ಜೋಡಿ. 2020ರಲ್ಲಿ ರಾಮ್ಸರ್ ಪಟ್ಟಿಗೆ. ಕಿಯಾಂಗ್ ಕಾಡುಕತ್ತೆಗಳ ಹಿಂಡು ಸುಲಭವಾಗಿ ಕಾಣಸಿಗುವ ಬಯಲು.

1932ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡದೊಂದಿಗೆ ಬಂದು ಈ ಸರೋವರಗಳ ನೀರು, ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡಿದ ಜಿ. ಎವಲಿನ್ ಹಚಿನ್ಸನ್ ಮುಂದೆ ಆಧುನಿಕ ಪರಿಸರ ವಿಜ್ಞಾನದ ಹಿರಿಯರಲ್ಲಿ ಒಬ್ಬರಾದರು.

ಎದುರು ಮಾತುಗಳು

ಸರೋವರ ಇಷ್ಟು ದೊಡ್ಡದಿರುವಾಗ ದಡದ ನಾಲ್ಕು ಡೇರೆಗಳಿಂದ ಏನಾದೀತು ಎಂಬುದು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ. ನೀರಿನ ಅಳತೆಯಲ್ಲಿ ಯೋಚಿಸಿದರೆ ಹೌದೆನ್ನಿಸುತ್ತದೆ. ಆದರೆ ದಡದ ಬಹುಭಾಗ ಕಲ್ಲು, ಜಲ್ಲಿ, ಕಡಿದಾದ ಬೆಟ್ಟ. ಅಲ್ಲಿ ಗೂಡು ಕಟ್ಟುವಂತಿಲ್ಲ. ನೂರಾರು ಕಿಲೊಮೀಟರ್ ದಡದಲ್ಲಿ ಹಕ್ಕಿಗೆ ಒಗ್ಗುವ ತುಣುಕುಗಳು ಕೆಲವೇ. ಪ್ರವಾಸಿಗೆ ಒಗ್ಗುವ ತುಣುಕುಗಳೂ ಅವೇ. ಕಾಲವೂ ಅದೇ ರೀತಿ ಡಿಕ್ಕಿ ಹೊಡೆಯುತ್ತದೆ. ಕ್ರೌಂಚ ಮೊಟ್ಟೆಯಿಡುವುದು ಮೇ, ಜೂನ್‌ನಲ್ಲಿ. ಒಂದು ತಿಂಗಳಿಗೂ ಹೆಚ್ಚು ಕಾವು. ಬಳಿಕ ಮರಿ ಹಾರುವವರೆಗೆ ತಿಂಗಳುಗಟ್ಟಲೆ ಕಾವಲು. ಹೆಬ್ಬಾತಿನ ಪಾಡು ಇನ್ನೂ ಸೂಕ್ಷ್ಮ. ಮರಿಗಳು ನಡೆದಾಡುವ ದಿನಗಳಲ್ಲೇ ತಾಯಿತಂದೆಗಳ ರೆಕ್ಕೆಯ ಹಾರುಗರಿಗಳೆಲ್ಲ ಒಮ್ಮೆಗೇ ಉದುರುತ್ತವೆ. ಹೊಸ ಗರಿ ಬರುವವರೆಗೆ ಕೆಲವು ವಾರ, ಹಿಮಾಲಯವನ್ನೇ ದಾಟಬಲ್ಲ ಹಕ್ಕಿ ನೆಲದಿಂದ ಏಳಲಾರದು. ಅಪಾಯ ಬಂದರೆ ನೀರಿಗೆ ಓಡುವುದೊಂದೇ ದಾರಿ. ದಡದ ಮೇವಿನಿಂದ ನೀರಿಗೆ ಓಡುತ್ತ ಓಡುತ್ತ ಮರಿಗಳ ಮೇವಿನ ಹೊತ್ತೆಲ್ಲ ಕಳೆದುಹೋಗುತ್ತದೆ. ಪ್ರವಾಸದ ಭರಾಟೆಯೂ ಜೂನ್, ಜುಲೈಗಳಲ್ಲೇ.

ಎರಡನೆಯದು, ಹಾನಿಯ ಹೊರೆಯನ್ನೆಲ್ಲ ಪ್ರವಾಸಿಗರ ಮೇಲೆ ಹೊರಿಸುವುದು ಅನ್ಯಾಯ ಎಂಬ ವಾದ. ಮೇಕೆಗಳು ಅದೇ ಹುಲ್ಲು ತುಳಿಯುತ್ತವೆ. ಸೇನೆಯ ಠಾಣೆಗಳು, ರಸ್ತೆ ಕೆಲಸದ ಬಿಡಾರಗಳು ಅಲ್ಲೇ ಇವೆ. ಕ್ರೌಂಚದ ಮರಿಗೆ ದೊಡ್ಡ ಶತ್ರು ಬೀದಿನಾಯಿ. ಈ ವಾದದಲ್ಲಿ ಸತ್ಯಾಂಶವಿದೆ. ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ನಾಯಿಗಳ ಹಾವಳಿ ಚಾಂಗ್‌ಥಾಂಗ್‌ನಲ್ಲಿ ನಿಜಕ್ಕೂ ಭೀಕರ. ಅವು ಮೊಟ್ಟೆ, ಮರಿಗಳನ್ನು ತಿನ್ನುತ್ತವೆ, ಹಿಂಡಾಗಿ ಬೇಟೆಯಾಡುತ್ತವೆ. ಆದರೆ ಮರಗಟ್ಟಿಸುವ ಚಳಿಯ ಆ ನಾಡಿನಲ್ಲಿ ಇಷ್ಟು ನಾಯಿಗಳನ್ನು ಸಾಕುತ್ತಿರುವುದು ಅಡುಗೆಮನೆಯ ಕಸ: ಠಾಣೆಗಳದು, ಕೂಲಿ ಬಿಡಾರಗಳದು, ಪ್ರವಾಸಿ ಡೇರೆಗಳದು. ಸೇನೆಯನ್ನು ಗಡಿಯಿಂದ ಎತ್ತಲಾಗದು. ಡೇರೆಯನ್ನು ಹುಲ್ಲಿನಿಂದ ಎತ್ತಬಹುದು. ಸರಿಪಡಿಸಲು ಸಾಧ್ಯವಿರುವುದನ್ನು ಮೊದಲು ಸರಿಪಡಿಸುವುದರಲ್ಲಿ ಅನ್ಯಾಯವೇನೂ ಇಲ್ಲ.

ಮೇಕೆಗಳ ಮಾತು ಬೇರೆ. ಅಲೆಮಾರಿ ಸಮುದಾಯದಲ್ಲಿ ಯಾವ ಹುಲ್ಲುಗಾವಲಿಗೆ ಯಾವಾಗ ಹೋಗಬೇಕು, ಯಾವಾಗ ಬಿಡಬೇಕು ಎಂಬುದನ್ನು ಗೋಬಾ, ಎಂದರೆ ಊರ ಮುಖ್ಯಸ್ಥ, ಹಿರಿಯರೊಂದಿಗೆ ಕೂತು ತೀರ್ಮಾನಿಸುತ್ತಾನೆ. ಹಿಂಡು ಬರುತ್ತದೆ, ಮೇಯುತ್ತದೆ, ಹೋಗುತ್ತದೆ. ಹುಲ್ಲಿಗೆ ಬಿಡುವು ಸಿಗುತ್ತದೆ. ಹಿಂಡುಗಳು ಹೆಚ್ಚಾದಾಗ ಆ ಬಿಡುವು ಕಡಿಮೆಯಾಗಿದೆ ಎಂಬುದೂ ನಿಜ, ಹಕ್ಕಿಗೆ ಅದರಿಂದ ಪೆಟ್ಟು ಬಿದ್ದಿದೆ ಎಂಬುದೂ ನಿಜ. ಹಾಗಿದ್ದೂ ಅಲ್ಲಿ ಒಂದು ಕಟ್ಟುಪಾಡು ಇದೆ, ಕಟ್ಟುಪಾಡು ಮುರಿದವನನ್ನು ಕೇಳುವವರಿದ್ದಾರೆ. ಮೇ ತಿಂಗಳಲ್ಲಿ ಗೂಟ ಹೊಡೆದು ಸೆಪ್ಟೆಂಬರ್‌ವರೆಗೆ ಕದಲದ ಪ್ರವಾಸಿ ಡೇರೆಗೆ ಅಂಥ ಗೋಬಾ ಇಲ್ಲ. ಚಾಂಗ್‌ಪಾ ಸಂಸಾರಗಳು ಅಲೆಮಾರಿತನ ಬಿಟ್ಟು ಲೇಹ್ ಪಕ್ಕದ ಖರ್ನಕ್ಲಿಂಗ್‌ನಂಥ ಬಡಾವಣೆಗಳಿಗೆ ಇಳಿಯುತ್ತಿರುವಾಗ, ಪಾಂಗ್ ಬಯಲಿನ ಮೇವುನೆಲದ ಮೇಲೆ 13 ಗಿಗಾವಾಟ್‌ನ ಸೌರ–ಪವನ ವಿದ್ಯುತ್ ಯೋಜನೆ ಬರಲಿರುವಾಗ, ಈ ಕಟ್ಟುಪಾಡು ಇನ್ನೆಷ್ಟು ದಿನ ಬಾಳೀತು ಎಂಬ ಆತಂಕ ಸಹಜ.

ಮೂರನೆಯವರು ಹೇಳುವುದು, ಹಾಗಾದರೆ ಸರೋವರಗಳನ್ನು ಪ್ರವಾಸಿಗರಿಗೆ ಮುಚ್ಚಿಬಿಡಿ ಎಂದು. ಹಕ್ಕಿಪ್ರಿಯರ ಬಾಯಲ್ಲಿ ಈ ಮಾತು ಹೆಚ್ಚು. ಕೊರ್ಜೋಕ್‌ನ ಜನರ ಮುಂದೆ ಇದನ್ನು ಹೇಳುವುದು ಕಷ್ಟ. 2000ನೇ ಇಸವಿಯಲ್ಲಿ ಆ ಸಮುದಾಯ ತ್ಸೊ ಮೊರೀರಿಯನ್ನು ‘ಜೀವಂತ ಭೂಮಿಗೆ ಪವಿತ್ರ ಕಾಣಿಕೆ’ ಎಂದು ವಿಶ್ವ ವನ್ಯಜೀವಿ ನಿಧಿಯ ಮೂಲಕ ಘೋಷಿಸಿ, ಸರೋವರವನ್ನು ಕಾಪಾಡುವ ಹೊಣೆ ಹೊತ್ತುಕೊಂಡಿತು. ಸರ್ಕಾರದ ರಾಮ್ಸರ್ ಘೋಷಣೆ ಬಂದದ್ದು ಅದಾದ ಎರಡು ವರ್ಷಕ್ಕೆ. ಮನೆಗಳಲ್ಲೇ ಅತಿಥಿಗಳನ್ನು ಇಳಿಸಿಕೊಳ್ಳುವ ಹೋಮ್‌ಸ್ಟೇ ಅಲ್ಲಿ ಬೆಳೆದದ್ದು ಈ ಹೊಣೆಯ ಜೊತೆಗೇ. ಊರೊಳಗಿನ ಮನೆಯಲ್ಲಿ ತಂಗುವ ಅತಿಥಿಗೂ ದಡದ ಡೇರೆಯಲ್ಲಿ ತಂಗುವ ಅತಿಥಿಗೂ ಕಾಣುವ ಸರೋವರ ಒಂದೇ; ಬೀಳುವ ಭಾರ ಬೇರೆ. ಒಬ್ಬನ ಕಸ, ಕೊಳಚೆ ಊರಿನ ಕಣ್ಣ ಮುಂದೆ ಇರುತ್ತದೆ, ದುಡ್ಡು ಊರಲ್ಲೇ ಉಳಿಯುತ್ತದೆ. ಇನ್ನೊಬ್ಬನ ಕೊಳಚೆ ನೇರವಾಗಿ ಜೌಗಿಗೆ ಇಳಿಯುತ್ತದೆ. ಸರೋವರ ಮುಚ್ಚಿದರೆ ಮೊದಲು ಸೋಲುವುದು ಆ ಮನೆಯವರು. ಸರೋವರ ಕಾಯುವವರು ಕೂಡ ಅವರೇ.

ನಿಯಮ ಹಾಕಿದರೆ ಜನ ಬರುವುದಿಲ್ಲ, ಆದಾಯ ನಿಲ್ಲುತ್ತದೆ ಎಂಬ ಭಯಕ್ಕೆ ಉತ್ತರ ಪಕ್ಕದ ಹಾನ್ಲೆಯಲ್ಲಿದೆ. ಹದಿನೇಳನೇ ಶತಮಾನದ ಗೊಂಪಾ, ಕ್ರೌಂಚಗಳು ಮರಿಮಾಡುವ ಜೌಗು, ಬೆಟ್ಟದ ನೆತ್ತಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ: ಮೂರೂ ಒಂದೇ ಕಣಿವೆಯಲ್ಲಿವೆ. ಅಲ್ಲಿನ 2 ಮೀಟರ್ ವ್ಯಾಸದ ಚಂದ್ರ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ದೂರದರ್ಶಕಕ್ಕೆ ಕತ್ತಲು ಬೇಕು. ಅದಕ್ಕಾಗಿ 2022ರಲ್ಲಿ ಹಾನ್ಲೆ ಸುತ್ತಿನ ಸಾವಿರಕ್ಕೂ ಹೆಚ್ಚು ಚದರ ಕಿಲೊಮೀಟರ್ ನೆಲವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕಿಟಕಿಗೆ ದಪ್ಪ ಪರದೆ, ಹೊರದೀಪಕ್ಕೆ ಮುಚ್ಚಳ, ರಾತ್ರಿ ವಾಹನದ ದೀಪಕ್ಕೆ ಹಿಡಿತ. ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ, ದೂರದರ್ಶಕ ಕೊಟ್ಟು ಅತಿಥಿಗಳಿಗೆ ನಕ್ಷತ್ರ ತೋರಿಸುವ ಕೆಲಸ ಒಪ್ಪಿಸಲಾಯಿತು. ಕಟ್ಟುಪಾಡಿಗೆ ಹೆದರಿ ಜನ ದೂರವಾಗಲಿಲ್ಲ. ಆ ಕತ್ತಲನ್ನೇ ನೋಡಲು ಬರತೊಡಗಿದರು. ಆಕಾಶಕ್ಕಾಗಿ ಮಾಡಲಾದದ್ದನ್ನು ಹುಲ್ಲಿಗಾಗಿ ಮಾಡಲಾಗದು ಎಂದು ಹೇಳಲು ಕಾರಣವೇ ಇಲ್ಲ. ಕ್ರೌಂಚ ಈಗ ಲಡಾಖ್‌ನ ರಾಜ್ಯಪಕ್ಷಿ ಬೇರೆ. ದೂರದರ್ಶಕ ಹಿಡಿದ ಅದೇ ಕೈಗಳು ಬೈನಾಕ್ಯುಲರ್ ಹಿಡಿದು, ಗೂಡಿನಿಂದ ದೂರದಲ್ಲೇ ನಿಲ್ಲಿಸಿ, ಕಾವಿನ ಸರದಿ ಬದಲಾಗುವುದನ್ನು ತೋರಿಸಬಲ್ಲವು.

ಯಾವಾಗ, ಎಲ್ಲಿ ನಿಲ್ಲಬೇಕು

ಬೇಕಿರುವ ಬದಲಾವಣೆ ದೊಡ್ಡದೇನಲ್ಲ, ಆದರೆ ನಿಖರವಾಗಿರಬೇಕು. ಹುಲ್ಲುಪಟ್ಟಿಯನ್ನು ಗುರುತುಹಾಕಿ ಅದರ ಮೇಲೆ ಚಕ್ರ ಮತ್ತು ಡೇರೆ ಎರಡನ್ನೂ ನಿಷೇಧಿಸಬೇಕು. ವಾಹನ ನಿಲ್ಲುವ ಜಾಗ ಜಲ್ಲಿನೆಲದಲ್ಲಿರಲಿ, ಅಲ್ಲಿಂದ ಕಾಲ್ನಡಿಗೆ. ಈ ಎತ್ತರದಲ್ಲಿ ನಡೆಯುವುದು ಕಷ್ಟ ಎಂಬ ದೂರು ಬರುತ್ತದೆ. ಹಕ್ಕಿ ನೋಡಲು ಹೆಚ್ಚು ನಡೆಯಬೇಕಿಲ್ಲ, ಒಂದು ಕಡೆ ಕೂರಬೇಕು. ಕೂತವನಿಗೆ ಕಾಣುವಷ್ಟು ಹಕ್ಕಿ ಓಡಾಡುವವನಿಗೆ ಕಾಣುವುದೂ ಇಲ್ಲ. ಪ್ರವಾಸಿಗರಿಂದ ಪರಿಸರ ಶುಲ್ಕ ಪಡೆಯುವ ವ್ಯವಸ್ಥೆ ಲೇಹ್‌ನಲ್ಲಿ ಈಗಾಗಲೇ ಇದೆ. ಮರಿಗಳ ಕಾಲವಾದ ಮೇ–ಜುಲೈಗೆ ಹೆಚ್ಚು, ಉಳಿದ ತಿಂಗಳಿಗೆ ಕಡಿಮೆ ಎಂದು ಅದನ್ನು ಋತುವಿಗೆ ತಕ್ಕಂತೆ ಹಂಚಿ, ಒಂದು ಪಾಲನ್ನು ಆಯಾ ದಡದ ಸಮುದಾಯಕ್ಕೆ ನೇರವಾಗಿ ಕೊಟ್ಟರೆ ಕಾವಲಿಗೆ ಬೇರೆ ಸಿಬ್ಬಂದಿ ಹುಡುಕಬೇಕಿಲ್ಲ. ಕಸ ಮಾತ್ರ ಎಲ್ಲರದೂ: ಠಾಣೆಯದಾಗಲಿ, ಹೋಟೆಲಿನದಾಗಲಿ, ಲೇಹ್‌ಗೆ ವಾಪಸು ಹೋಗಲೇಬೇಕು. ನಾಯಿಗಳ ಸಂತಾನಹರಣ ಅದರ ಜೊತೆಜೊತೆಗೇ ನಡೆಯಬೇಕು. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ಫಲವಿಲ್ಲ.

ಇನ್ನು ಕರ್ನಾಟಕದಿಂದ ಹೊರಡುವವರ ಪಾಲಿಗೆ ಒಂದು ಆಯ್ಕೆ ಯಾವ ಸರ್ಕಾರದ ಆದೇಶಕ್ಕೂ ಕಾಯಬೇಕಿಲ್ಲ. ಬೇಸಿಗೆ ರಜೆಯ ಬಾಲ ಹಿಡಿದು ಜೂನ್‌ನಲ್ಲಿ ಹೋಗುವ ಬದಲು ಸೆಪ್ಟೆಂಬರ್‌ನಲ್ಲಿ ಹೋಗುವುದು. ಆಗ ಮನಾಲಿ ದಾರಿ ಇನ್ನೂ ತೆರೆದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಡೇರೆಗಳ ಗದ್ದಲ ಇಳಿದಿರುತ್ತದೆ. ಕ್ರೌಂಚಗಳು ಅಕ್ಟೋಬರ್‌ವರೆಗೂ ಇರುತ್ತವೆ. ಕಂದುಬಣ್ಣದ ಕತ್ತಿನ ಮರಿ ತಾಯಿತಂದೆಗಳ ಬೆನ್ನಹಿಂದೆ ಜೌಗಿನಲ್ಲಿ ನಡೆಯುವುದನ್ನು ನೋಡಬಹುದು. ಹೆಬ್ಬಾತುಗಳಿಗೆ ಹೊಸ ಗರಿ ಬಂದಿರುತ್ತದೆ. ಈ ವರ್ಷದ ಮರಿಗಳೂ ಹಾರಾಟ ಕಲಿತಿರುತ್ತವೆ. ಕೊರ್ಜೋಕ್‌ನ ಹೊಲಗಳಲ್ಲಿ ಬಾರ್ಲಿ ಕೊಯ್ಲಿನ ಕಾಲ. ಮನೆಯವರಿಗೆ ಅತಿಥಿಯೊಡನೆ ಮಾತಾಡಲು ಜೂನ್‌ಗಿಂತ ಹೆಚ್ಚು ಬಿಡುವು ಇಲ್ಲದಿರಬಹುದು, ಆದರೆ ಒಂದು ಕುಡುಗೋಲು ಹಿಡಿದು ಹೊಲಕ್ಕೆ ಇಳಿದರೆ ಬೇಡ ಎನ್ನುವವರಿಲ್ಲ.